ಸಮಯ ಕೊಡುವ ರಕ್ಷಣೆ: ಕೆನಡಾದ ‘ವುಮೆನ್ ಅಟ್ ರಿಸ್ಕ್’ ಯೋಜನೆಯನ್ನು ಹತ್ತಿರದಿಂದ ಕಂಡ ಬಳಿಕ

ಕೆನಡಾ ಸರ್ಕಾರ ಹೊರದೇಶದ ಶಿಬಿರಗಳಿಂದ ನಿರಾಶ್ರಿತರನ್ನು ಆರಿಸಿ ಕರೆತರುವಾಗ ಸಾಮಾನ್ಯವಾಗಿ ಒಂದು ಪರೀಕ್ಷೆ ನಡೆಸುತ್ತದೆ. ಓದು, ಕಸುಬು, ಭಾಷೆ, ಕೆನಡಾದಲ್ಲಿ ನೆಲೆಸಿರುವ ಬಂಧುಗಳು, ಇವನ್ನೆಲ್ಲ ನೋಡಿ, ಈ ವ್ಯಕ್ತಿ ಬಂದ ಕೆಲವು ವರ್ಷಗಳಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲಬಹುದೇ ಎಂದು ಅಧಿಕಾರಿ ತೀರ್ಮಾನಿಸುತ್ತಾರೆ. ಗಂಡನನ್ನು ಕಳೆದುಕೊಂಡು, ಮೂವರು ಮಕ್ಕಳನ್ನು ಕಟ್ಟಿಕೊಂಡು, ಶಾಲೆಯ ಮೆಟ್ಟಿಲು ಹತ್ತದೆ ಬೆಳೆದ ಹೆಣ್ಣುಮಗಳು ಈ ಪರೀಕ್ಷೆಯಲ್ಲಿ ಗೆಲ್ಲುವುದು ಹೇಗೆ? ಅಂಥವಳಿಗೆಂದೇ 1988ರಲ್ಲಿ ಆರಂಭವಾದದ್ದು ‘ವುಮೆನ್ ಅಟ್ ರಿಸ್ಕ್’, ಅಂದರೆ ಅಪಾಯದಲ್ಲಿರುವ ಮಹಿಳೆಯರ ಯೋಜನೆ. ಕುಟುಂಬದ ಆಸರೆಯಿಲ್ಲದ, ಇರುವ ನಾಡಿನ ಪೊಲೀಸರಿಂದಲೂ ಅಧಿಕಾರಿಗಳಿಂದಲೂ ರಕ್ಷಣೆ ಸಿಗದ ಮಹಿಳೆಯನ್ನು ಇದರಡಿ ಗುರುತಿಸುತ್ತಾರೆ. ಆರಂಭದಲ್ಲಿ ಪರೀಕ್ಷೆಯನ್ನು ಅವಳ ಮಟ್ಟಿಗೆ ಸಡಿಲಿಸಿದ್ದರು. 2002ರ ನಿಯಮಾವಳಿ ಬಂದ ಮೇಲೆ, ಹೆಚ್ಚಿನ ಅಪಾಯದಲ್ಲಿರುವವರಿಗೂ ತುರ್ತು ರಕ್ಷಣೆ ಬೇಕಾದವರಿಗೂ ಆ ಪ್ರಶ್ನೆಯನ್ನೇ ಕೈಬಿಟ್ಟರು.

ಈ ಯೋಜನೆಯಡಿ ಬಂದ ಒಬ್ಬ ತಾಯಿ ಮತ್ತು ಅವರ ಮೂವರು ಮಕ್ಕಳ ಜೊತೆ ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಡನಾಡಿದ್ದೇನೆ. ಒಂಟಾರಿಯೊ ಪ್ರಾಂತ್ಯದ ನಡುಗಾತ್ರದ ಊರೊಂದರಲ್ಲಿ ನೆಲೆಸಿರುವ ನಾವು ಏಳು ಜನ, ಅವರಲ್ಲಿ ಇಬ್ಬರು ಕನ್ನಡದವರು, ಸರ್ಕಾರದೊಡನೆ ಒಪ್ಪಂದವಿರುವ ಒಂದು ಪ್ರಾಯೋಜಕ ಸಂಸ್ಥೆಯ ಕೆಳಗೆ ಗುಂಪು ಕಟ್ಟಿಕೊಂಡು ಈ ಕೆಲಸಕ್ಕೆ ಇಳಿದೆವು. ಸರ್ಕಾರವೊಂದು ಮಹಿಳಾ ನಿರಾಶ್ರಿತರಿಗೆ ಕೊಡುವ ಸೇವೆ ಹೇಗಿದೆ, ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂಬುದನ್ನು ಬಳಸಿದವರ ಕಣ್ಣಿನಿಂದ ಬರೆಯುವುದು ಅಗತ್ಯವೆಂದು ನನಗೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆಯ ಬಗ್ಗೆ ಹೇಳಬೇಕು. ಕೆನಡಾದಲ್ಲಿ ಜನಸಾಮಾನ್ಯರೇ ಗುಂಪುಕಟ್ಟಿ ನಿರಾಶ್ರಿತರನ್ನು ಕರೆಸಿಕೊಳ್ಳುವ ಪದ್ಧತಿ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳ ಜನ ನಾಡು ಬಿಟ್ಟು ಓಡುತ್ತಿದ್ದ 1979ರಿಂದ ದೊಡ್ಡದಾಗಿ ಬೆಳೆಯಿತು. ಆ ಕೆಲಸಕ್ಕಾಗಿ 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ನಿರಾಶ್ರಿತರ ಸೇವೆಗಾಗಿ ಕೊಡುವ ನಾನ್ಸೆನ್ ಪದಕವನ್ನು ಕೆನಡಾದ ಜನತೆಗೇ ಕೊಟ್ಟಿತು. ಅಪಾಯದಲ್ಲಿರುವ ಮಹಿಳೆಯರ ಯೋಜನೆಯಲ್ಲಿ ಬಹುಪಾಲು ಬಳಕೆಯಾಗುವುದು ಇದರದೇ ಒಂದು ರೂಪ: ಜಂಟಿ ಪ್ರಾಯೋಜನೆ. ಬಾಡಿಗೆ, ಊಟ, ಬಟ್ಟೆಯ ಖರ್ಚನ್ನು ಸರ್ಕಾರ ಭರಿಸುತ್ತದೆ. ಜೊತೆಗಿರುವ ಕೆಲಸವನ್ನು ನಮ್ಮಂಥ ಗುಂಪುಗಳು ಮಾಡುತ್ತವೆ. ಜೊತೆಗಿರುವುದೆಂದರೆ ಬ್ಯಾಂಕ್ ಖಾತೆ ತೆರೆಸುವುದು, ಹೆಲ್ತ್ ಕಾರ್ಡ್ ಮಾಡಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಬಸ್ಸಿನಲ್ಲಿ ಎಲ್ಲಿ ಇಳಿಯಬೇಕೆಂದು ಮೂರು ನಾಲ್ಕು ಸಲ ಜೊತೆಗೆ ಹೋಗಿ ತೋರಿಸುವುದು, ಮೈನಸ್ ಇಪ್ಪತ್ತರ ಚಳಿಯಲ್ಲಿ ಮಗುವಿಗೆ ಜ್ವರ ಬಂದಾಗ ಕಾರು ತೆಗೆದುಕೊಂಡು ಹೋಗುವುದು.

ಈ ಯೋಜನೆಯ ನಿಜವಾದ ಹಿರಿಮೆ ಅದು ಕೊಡುವ ಸಮಯದಲ್ಲಿದೆ. ಸರ್ಕಾರವೇ ಕರೆತರುವ ಸಾಮಾನ್ಯ ನಿರಾಶ್ರಿತರಿಗೆ ಜೀವನ ನಿರ್ವಹಣೆಯ ನೆರವು ಹೆಚ್ಚೆಂದರೆ ಒಂದು ವರ್ಷ. ಜಂಟಿ ಪ್ರಾಯೋಜನೆಯಲ್ಲಿ ಬಂದವರಿಗೆ ಅದು 24 ತಿಂಗಳವರೆಗೆ ಸಿಗುತ್ತದೆ. ವಿಶೇಷ ಸಂದರ್ಭಗಳಲ್ಲಿ 36 ತಿಂಗಳವರೆಗೂ ಹೋಗಬಹುದು. ಒಂದು ವರ್ಷ ಹೆಚ್ಚು ಸಿಕ್ಕರೆ ಏನು ಮಹಾ ಎಂದು ಕೇಳುವವರಿಗೆ ನಾನು ಕಂಡದ್ದನ್ನೇ ಹೇಳುತ್ತೇನೆ. ನಾವು ಬರಮಾಡಿಕೊಂಡ ತಾಯಿ ಪೂರ್ವ ಆಫ್ರಿಕದ ಶಿಬಿರವೊಂದರಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರು. ಬಂದ ಮೊದಲ ಐದು ತಿಂಗಳು ಮನೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಟ್ಟು ಮಲಗುತ್ತಿದ್ದರು. ಚಿಕ್ಕ ಮಗನಿಗೆ ಕಾಯಿಲೆ ಹೆಚ್ಚಾದ್ದರಿಂದ ಇಂಗ್ಲಿಷ್ ತರಗತಿಗೆ ಸರಿಯಾಗಿ ಹೋಗಲು ಆರಂಭಿಸಿದ್ದು ಎಂಟನೆಯ ತಿಂಗಳಲ್ಲಿ. ಹನ್ನೆರಡನೆಯ ತಿಂಗಳಿಗೆ ಅವರಿಗೆ ತಮ್ಮ ವಿಳಾಸ ಬರೆಯಲು, ಗಡಿಯಾರ ನೋಡಿ ಹೊತ್ತು ಹೇಳಲು, ಮಗನ ಶಾಲೆಗೆ ಫೋನ್ ಮಾಡಿ ‘ಇವತ್ತು ಬರುವುದಿಲ್ಲ’ ಎನ್ನಲು ಬರುತ್ತಿತ್ತು, ಅಷ್ಟೇ. ನೆರವು ಅಲ್ಲಿಗೆ ನಿಂತಿದ್ದರೆ ಅವರು ಯಾವುದಾದರೂ ಗೋದಾಮಿನ ರಾತ್ರಿ ಪಾಳಿಗೆ ಹೋಗಬೇಕಾಗುತ್ತಿತ್ತು, ಮಕ್ಕಳು ಬೀಗ ಹಾಕಿದ ಮನೆಯಲ್ಲಿ ಮಲಗಬೇಕಾಗುತ್ತಿತ್ತು. ನೆರವು ನಿಲ್ಲದ ಕಾರಣ ಅವರು ತರಗತಿ ಮುಂದುವರಿಸಿದರು. ಇಪ್ಪತ್ತನೆಯ ತಿಂಗಳಿಗೆ ಹಗಲಿನ ಹೊತ್ತಿನಲ್ಲಿ ಒಂದು ಅಡುಗೆಮನೆಯ ಕೆಲಸ ಸಿಕ್ಕಿತು. ಸಂಬಳ ದೊಡ್ಡದಲ್ಲ, ಆದರೆ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅಮ್ಮ ಮನೆಯಲ್ಲಿರುತ್ತಾರೆ.

ಇಂಗ್ಲಿಷ್ ತರಗತಿಯ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಸರ್ಕಾರದ ಹಣದಲ್ಲಿ ನಡೆಯುವ ‘ಲಿಂಕ್’ ತರಗತಿಗಳು ಉಚಿತ, ಮತ್ತು ಅನೇಕ ಕಡೆ ಪಕ್ಕದ ಕೋಣೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರುತ್ತದೆ. ಪುಟ್ಟ ಮಗುವಿರುವ ತಾಯಿ ಭಾಷೆ ಕಲಿಯುವುದಕ್ಕೂ ಕಲಿಯದೆ ಹೋಗುವುದಕ್ಕೂ ನಡುವೆ ಇರುವುದು ಈ ಪಕ್ಕದ ಕೋಣೆ. ಆ ವ್ಯವಸ್ಥೆ ಇಲ್ಲದ ಅಥವಾ ಜಾಗ ತುಂಬಿರುವ ಕಡೆ ಗಂಡ ತರಗತಿಗೆ ಹೋಗುತ್ತಾನೆ, ಹೆಂಡತಿ ಮನೆಯಲ್ಲಿ ಉಳಿಯುತ್ತಾಳೆ. ಒಂಟಿ ತಾಯಿಯಾದರೆ ಅವಳ ಕಲಿಕೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಹಣದ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಮಕ್ಕಳ ಭತ್ಯೆ. 2016ರ ಜುಲೈಯಲ್ಲಿ ಆರಂಭವಾದ ಕೆನಡಾ ಚೈಲ್ಡ್ ಬೆನಿಫಿಟ್ ಆಗಿನ ಲೆಕ್ಕದಲ್ಲಿ ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಗರಿಷ್ಠ 6,400 ಡಾಲರ್ ಇತ್ತು. ಮನೆಯಲ್ಲಿ ತಾಯಿ ಇದ್ದರೆ, ಮಕ್ಕಳನ್ನು ಮುಖ್ಯವಾಗಿ ನೋಡಿಕೊಳ್ಳುವವರು ಆಕೆಯೇ ಎಂದು ಭಾವಿಸಿ ಸಾಮಾನ್ಯವಾಗಿ ಹಣವನ್ನು ಆಕೆಯ ಹೆಸರಿಗೆ ಕಳುಹಿಸುತ್ತಾರೆ. ತಮ್ಮ ಹೆಸರಿನ ಖಾತೆಗೆ ಮೊದಲ ಬಾರಿ ಹಣ ಬಂದ ದಿನ ಆ ತಾಯಿ ಬ್ಯಾಂಕಿನ ಚೀಟಿಯನ್ನು ಮಡಿಸಿ ಸೆರಗಿನ ಗಂಟಿನಲ್ಲಿಡುವಂತೆ ತಲೆಯ ಬಟ್ಟೆಯೊಳಗೆ ಇಟ್ಟುಕೊಂಡದ್ದನ್ನು ನಾನು ಮರೆತಿಲ್ಲ. ಆದರೆ ನಿರ್ವಹಣೆಯ ನೆರವಿನ ಮೊತ್ತವನ್ನು ಆಯಾ ಪ್ರಾಂತ್ಯದ ಬಡವರ ಸಹಾಯಧನಕ್ಕೆ ಸರಿಹೊಂದಿಸಿ ನಿಗದಿಪಡಿಸುವುದರಿಂದ, ಒಂಟಾರಿಯೊದ ಇಂದಿನ ಬಾಡಿಗೆಗೆ ಅದು ಎಲ್ಲಿಗೂ ಸಾಲುವುದಿಲ್ಲ. ನಮ್ಮ ಗುಂಪು ಚಂದಾ ಎತ್ತಿ ಬಾಡಿಗೆಯ ಕೊರತೆಯನ್ನು ತುಂಬಿತು. ಗುಂಪಿನ ಬೆಂಬಲವಿಲ್ಲದೆ ಬಂದ ಕುಟುಂಬಗಳು ಮಕ್ಕಳ ಭತ್ಯೆಯನ್ನೇ ಬಾಡಿಗೆಗೆ ಸುರಿಯುತ್ತವೆ.

ವಿಮಾನದ ಸಾಲವೂ ಹಾಗೆಯೇ. ಕೆನಡಾಕ್ಕೆ ಬರುವ ಟಿಕೆಟ್ ಮತ್ತು ವೈದ್ಯಕೀಯ ತಪಾಸಣೆಯ ಖರ್ಚು ಅನೇಕ ನಿರಾಶ್ರಿತರ ತಲೆಯ ಮೇಲೆ ಸಾಲವಾಗಿ ಕೂರುತ್ತದೆ. 2018ರಲ್ಲಿ ಬಡ್ಡಿ ತೆಗೆದುಹಾಕಿದರು, ತೀರಿಸಲು ಒಂದು ವರ್ಷದ ಬಿಡುವನ್ನೂ ಕೊಟ್ಟರು. ಅದು ಒಳ್ಳೆಯದೇ ಆಯಿತು. ಆದರೂ ನಿಲ್ಲುವ ಶಕ್ತಿ ಇದೆಯೇ ಎಂದು ಕೇಳದೆ ಕರೆತಂದ ಸರ್ಕಾರ, ಅದೇ ತಾಯಂದಿರಿಂದ ಸಾವಿರಾರು ಡಾಲರಿನ ಸಾಲಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಯೋಜನೆಯ ಉದ್ದೇಶಕ್ಕೇ ಒಗ್ಗುವುದಿಲ್ಲ. ಈ ವರ್ಗದ ಮಹಿಳೆಯರೆಲ್ಲರಿಗೂ ಸಾಲವನ್ನು ಪೂರ್ತಿ ಮನ್ನಾ ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರಕ್ಷಣೆ ಎಂದರೆ ಹಣ ಮತ್ತು ಮನೆ ಮಾತ್ರವಲ್ಲ. ನಡೆದುದನ್ನು ಹೇಳಿಕೊಳ್ಳಲು ಬೇಕಾದ ಅವಕಾಶವೂ ಅದರಲ್ಲಿ ಸೇರಿದೆ. ನಮ್ಮ ಊರಿನ ಚಿಕಿತ್ಸಾಲಯವೊಂದರಲ್ಲಿ ಆಪ್ತಸಲಹೆಗೆ ಸಮಯ ಗೊತ್ತುಮಾಡಿದಾಗ ಅವರು ದುಭಾಷಿಯಾಗಿ ಕಳುಹಿಸಿದ್ದು ಆ ತಾಯಿಯ ಸೀಮೆಯವನೇ ಆದ ಒಬ್ಬ ಗಂಡಸನ್ನು. ತಾಯಿ ಒಂದು ಗಂಟೆ ಕೂತು, ನಿದ್ದೆ ಚೆನ್ನಾಗಿ ಬರುತ್ತದೆ, ಊಟ ಸೇರುತ್ತದೆ ಎಂದಷ್ಟೇ ಹೇಳಿ ಎದ್ದು ಬಂದರು. ಮುಂದೆ ಫೋನಿನಲ್ಲಿ ಬೇರೆ ನಗರದ ಮಹಿಳಾ ದುಭಾಷಿಯೊಬ್ಬರು ಸಿಗಲು ನಾಲ್ಕು ತಿಂಗಳು ಬೇಕಾಯಿತು. ಆ ತಾಯಿ ನನ್ನೊಡನೆ ಶಿಬಿರದ ದಿನಗಳ ಬಗ್ಗೆ ಮೊದಲ ಬಾರಿಗೆ ಮಾತನಾಡಿದ್ದು ಹದಿನೆಂಟು ತಿಂಗಳ ಮೇಲೆ, ಒಂದು ಸಂಜೆ ಬೀನ್ಸ್ ಸೋಸುತ್ತಾ ಕುಳಿತಿದ್ದಾಗ. ಅಷ್ಟು ಹೊತ್ತಿಗೆ ಅವರು ನನ್ನನ್ನು ‘ದಾದಾ’ ಎಂದು ಕರೆಯುತ್ತಿದ್ದರು. ಸ್ವಾಹಿಲಿಯಲ್ಲಿ ಅದಕ್ಕೆ ಒಡಹುಟ್ಟಿದವಳು ಎಂಬ ಅರ್ಥ. ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹದಿನೆಂಟು ತಿಂಗಳು ಬೇಕಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಏಕೆಂದರೆ ಕೆನಡಾದ ಇನ್ನೊಂದು ಬಾಗಿಲಿನಲ್ಲಿ, ಅಂದರೆ ತಾವಾಗಿಯೇ ಬಂದು ಆಶ್ರಯ ಕೇಳುವವರ ಬಾಗಿಲಿನಲ್ಲಿ, ಅದೇ ಮಾತನ್ನು ವಾರಗಳಲ್ಲಿ ಹೇಳಬೇಕಾಗುತ್ತದೆ. ಇಲ್ಲೂ ಕೆನಡಾ ಒಂದು ಕಾಲದಲ್ಲಿ ಜಗತ್ತಿಗೆ ದಾರಿ ತೋರಿಸಿದ ದೇಶ. 1951ರ ನಿರಾಶ್ರಿತರ ಒಡಂಬಡಿಕೆ ಐದು ಕಾರಣಗಳನ್ನು ಹೇಳುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ಹೆಣ್ಣು ಎಂಬ ಕಾರಣಕ್ಕೆ ಹಿಂಸೆಗೆ ಒಳಗಾಗುವುದು ಆ ಪಟ್ಟಿಯಲ್ಲಿ ಇಲ್ಲ. 1991ರಲ್ಲಿ ಸೌದಿ ಅರೇಬಿಯಾದಿಂದ ಬಂದು, ‘ನಾದಾ’ ಎಂಬ ಗುಪ್ತನಾಮದಲ್ಲಿ ಹೆಸರಾದ ಯುವತಿಯೊಬ್ಬರು, ಮುಖ ಮುಚ್ಚಿಕೊಳ್ಳಲು ಒಪ್ಪದ ಕಾರಣ ತಮಗೆ ಕಿರುಕುಳವಾಯಿತೆಂದು ಆಶ್ರಯ ಕೇಳಿದಾಗ, ನಿಮ್ಮ ನಾಡಿನ ಇತರ ಹೆಂಗಸರಂತೆ ನೀವೂ ಅಲ್ಲಿನ ಕಾನೂನನ್ನು ಪಾಲಿಸುವುದು ಒಳ್ಳೆಯದು ಎಂಬರ್ಥದ ಮಾತು ಬರೆದು ಅರ್ಜಿ ತಿರಸ್ಕರಿಸಿದರು. ದೇಶದಾದ್ಯಂತ ಮಹಿಳಾ ಸಂಘಟನೆಗಳು ಇದನ್ನು ಪ್ರತಿಭಟಿಸಿದವು. 1993ರ ಆರಂಭದಲ್ಲಿ ಮಾನವೀಯ ನೆಲೆಯಲ್ಲಿ ಅವರಿಗೆ ಉಳಿಯಲು ಅನುಮತಿ ಸಿಕ್ಕಿತು. ಅದೇ ವರ್ಷದ ಮಾರ್ಚ್‌ನಲ್ಲಿ ಆಶ್ರಯದ ಅರ್ಜಿಗಳನ್ನು ತೀರ್ಮಾನಿಸುವ ವಲಸೆ ಮತ್ತು ನಿರಾಶ್ರಿತರ ಮಂಡಳಿಯ ಅಧ್ಯಕ್ಷೆ ನೂರ್‌ಜೆಹಾನ್ ಮವಾನಿ ಅವರು ಲಿಂಗ ಸಂಬಂಧಿ ಹಿಂಸೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿದರು. ಇಂಥ ಮಾರ್ಗಸೂಚಿಯನ್ನು ಇಡೀ ದೇಶದ ಮಟ್ಟದಲ್ಲಿ ಮೊದಲು ತಂದದ್ದು ಕೆನಡಾ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ವಾರ್ಡ್ ಎಂಬಾತನ ಮೊಕದ್ದಮೆಯ ತೀರ್ಪಿನಲ್ಲಿ, ಲಿಂಗದ ಆಧಾರದ ಮೇಲೂ ಸಾಮಾಜಿಕ ಗುಂಪನ್ನು ಗುರುತಿಸಬಹುದೆಂದು ಹೇಳಿತು.

1996ರಲ್ಲಿ ಪರಿಷ್ಕರಿಸಿ, 2022ರಲ್ಲಿ ಹೊಸದಾಗಿ ಬರೆದ ಈ ಮಾರ್ಗಸೂಚಿಯನ್ನು ನಾನು ಸಾವಧಾನವಾಗಿ ಓದಿದ್ದೇನೆ. ಆಘಾತಕ್ಕೆ ಒಳಗಾದವರು ತಡವಾಗಿ ಬಾಯಿಬಿಡಬಹುದು, ದಿನಾಂಕಗಳನ್ನು ತಪ್ಪು ಹೇಳಬಹುದು, ಅಷ್ಟರಿಂದಲೇ ಅವರನ್ನು ಸುಳ್ಳುಗಾರರೆಂದು ತಿಳಿಯಬಾರದು ಎಂಬ ವಿವೇಕ ಅದರಲ್ಲಿದೆ. ಮಹಿಳಾ ದುಭಾಷಿಯನ್ನೂ ಮಹಿಳಾ ನಿರ್ಣಾಯಕರನ್ನೂ ಕೇಳಿಕೊಳ್ಳಬಹುದು. ಗಂಡ ಹೆಂಡತಿಯ ಅರ್ಜಿಗಳನ್ನು ಮಂಡಳಿ ಒಟ್ಟಿಗೆ ಕಟ್ಟುತ್ತದೆಯಾದರೂ, ಹೆಂಡತಿ ತನ್ನ ಅರ್ಜಿಯನ್ನು ಬೇರೆಯಾಗಿ ವಿಚಾರಿಸಿರೆಂದು ಕೋರಬಹುದು. ಗಂಡನ ಎದುರು ಹೇಳಲಾಗದ ಮಾತುಗಳಿರುವ ಹೆಣ್ಣಿಗೆ ಇದು ಬಹಳ ದೊಡ್ಡ ಅನುಕೂಲ. ಆದರೆ ಇದನ್ನು ಅವಳಿಗೆ ಮೊದಲೇ ತಿಳಿಸುವ ವಕೀಲರಿರಬೇಕು, ಮತ್ತು ಕಾನೂನು ನೆರವು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ ಬೇರೆಯಾಗಿದೆ. ಒಂಟಾರಿಯೊ 2019ರಲ್ಲಿ ನಿರಾಶ್ರಿತರ ಕಾನೂನು ನೆರವಿನ ಹಣವನ್ನೇ ಕತ್ತರಿಸಿದಾಗ ಕೇಂದ್ರ ಸರ್ಕಾರ ಹಣ ಕೊಟ್ಟು ಅದನ್ನು ಉಳಿಸಬೇಕಾಯಿತು.

ಮಾರ್ಗಸೂಚಿಗೆ ತಾಳ್ಮೆಯಿದೆ, ಕಾಯಿದೆಗೆ ಇಲ್ಲ. ಗಡಿಯಲ್ಲಿ ಆಶ್ರಯ ಕೇಳಿದವರು ತಮ್ಮ ಕಥೆಯನ್ನು ಬರೆದುಕೊಡಲು ಹಿಂದೆ 28 ದಿನ ಇತ್ತು. 2012ರ ಬದಲಾವಣೆಯಲ್ಲಿ ಅದನ್ನು 15 ದಿನಕ್ಕೆ ಇಳಿಸಿದರು. ಕೋವಿಡ್ ಕಾಲದಲ್ಲಿ 45 ದಿನಕ್ಕೆ ಏರಿಸಿದರು. ಅದೇ 2012ರಲ್ಲಿ ನಿರಾಶ್ರಿತರ ಆರೋಗ್ಯ ಯೋಜನೆಯನ್ನು ಮೊಟಕುಗೊಳಿಸಿ, ‘ಸುರಕ್ಷಿತ’ವೆಂದು ಸರ್ಕಾರ ಪಟ್ಟಿಮಾಡಿದ ದೇಶಗಳಿಂದ ಬಂದ ಗರ್ಭಿಣಿಯರಿಗೆ ಬಸಿರಿನ ತಪಾಸಣೆಯೂ ಸಿಗದಂತೆ ಮಾಡಿದ್ದು ಈ ದೇಶದ ದಾಖಲೆಯಲ್ಲಿ ಉಳಿದ ಕಳಂಕ. 2014ರ ಜುಲೈಯಲ್ಲಿ ಫೆಡರಲ್ ಕೋರ್ಟ್ ಅದನ್ನು ಕ್ರೂರವೆಂದು ಕರೆದು ತಳ್ಳಿಹಾಕಿತು. 2016ರ ಏಪ್ರಿಲ್‌ನಲ್ಲಿ ಸೌಲಭ್ಯ ಪೂರ್ತಿಯಾಗಿ ಮರಳಿತು. ನಡುವಿನ ವರ್ಷಗಳಲ್ಲಿ ಹೆರಿಗೆಯಾದ ತಾಯಂದಿರಿಗೆ ಆ ತೀರ್ಪು ತಡವಾಗಿಯೇ ಬಂತು.

ಅಮೆರಿಕದ ಗಡಿಯ ವಿಷಯ ಇನ್ನೂ ಕಠಿಣವಾದದ್ದು. 2004ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ‘ಸುರಕ್ಷಿತ ಮೂರನೇ ದೇಶ’ ಒಪ್ಪಂದದ ಪ್ರಕಾರ, ಅಮೆರಿಕದ ಮೂಲಕ ನೆಲದ ಗಡಿಗೆ ಬಂದವರು ಅಲ್ಲಿಯೇ ಆಶ್ರಯ ಕೇಳಬೇಕು. ಕೆನಡಾದಲ್ಲಿ ಬಂಧುಗಳಿರುವವರಂಥ ಕೆಲವರಿಗೆ ಮಾತ್ರ ವಿನಾಯಿತಿ. 2023ರ ಮಾರ್ಚ್ 25ರಿಂದ ಇದು ಇಡೀ ಗಡಿಗೆ ಅನ್ವಯವಾಗಿ, ಠಾಣೆಗಳ ನಡುವಿನ ಹೊಲ, ಕಾಡುಗಳ ಮೂಲಕ ದಾಟಿದವರು 14 ದಿನಗಳೊಳಗೆ ಆಶ್ರಯ ಕೇಳಿದರೆ ಅವರನ್ನೂ ಹಿಂದಕ್ಕೆ ಕಳುಹಿಸಲಾಗುತ್ತದೆ. ಅಂದರೆ ಗಡಿ ದಾಟಿದ ಹೆಣ್ಣು ರಕ್ಷಣೆ ಕೇಳುವ ಬದಲು ಎರಡು ವಾರ ಅಡಗಿಕೊಂಡಿದ್ದರೆ ಲಾಭ ಎಂಬಂತಾಯಿತು. ಅಡಗಲು ಯಾರ ಮನೆ, ಯಾರ ಕೃಪೆ, ಅದಕ್ಕೆ ಪ್ರತಿಯಾಗಿ ಏನು ಕೇಳುತ್ತಾರೆ ಎಂದು ಯೋಚಿಸಿದರೆ ಈ ಹದಿನಾಲ್ಕು ದಿನಗಳ ನಿಯಮ ಹೆಣ್ಣಿನ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆಂದು ತಿಳಿಯುತ್ತದೆ. ಮನೆಯೊಳಗಿನ ಹಿಂಸೆಯಿಂದ ಓಡಿಬಂದವರಿಗೆ ಅಮೆರಿಕದಲ್ಲಿ ಆಶ್ರಯ ಸಿಗುವುದು ಆಡಳಿತ ಬದಲಾದಂತೆ ಏರುಪೇರಾಗುತ್ತ ಬಂದಿದೆ. 2023ರ ಜೂನ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಂದದ ನಿಯಮಗಳನ್ನು ಎತ್ತಿಹಿಡಿದರೂ, ಅವು ಮಹಿಳೆಯರ ಸಮಾನತೆಯ ಹಕ್ಕನ್ನು ಉಲ್ಲಂಘಿಸುತ್ತವೆಯೇ ಎಂಬ ಪ್ರಶ್ನೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿ ಕಳುಹಿಸಿತು. ಇದರ ಮೇಲೆ 2025ರ ಜೂನ್‌ನಲ್ಲಿ ಸರ್ಕಾರ ಸಂಸತ್ತಿಗೆ ತಂದ ಮಸೂದೆಯಲ್ಲಿ, ದೇಶಕ್ಕೆ ಬಂದು ಒಂದು ವರ್ಷವಾದ ಮೇಲೆ ಕೇಳಿದ ಆಶ್ರಯವನ್ನು ಮಂಡಳಿಯ ಮುಂದೆ ಒಯ್ಯಲೇಬಾರದು ಎಂಬ ಪ್ರಸ್ತಾಪವಿತ್ತು. ಹದಿನೆಂಟನೆಯ ತಿಂಗಳಲ್ಲಿ, ಬೀನ್ಸ್ ಸೋಸುತ್ತಾ ಮಾತನಾಡಿದ ಆ ತಾಯಿಯನ್ನು ನೆನೆದಾಗ ನನಗೆ ಆ ಸಾಲನ್ನು ಓದಿ ತುಂಬ ನೋವಾಯಿತು.

ಇರಾಕ್‌ನ ಅಲ್ಪಸಂಖ್ಯಾತ ಧರ್ಮೀಯರಾದ ಯಜೀದಿ ಮಹಿಳೆಯರ ಅನುಭವವೂ ಸಮಯದ ಪಾಠವನ್ನೇ ಹೇಳುತ್ತದೆ. 2014ರ ಆಗಸ್ಟ್‌ನಲ್ಲಿ ಇರಾಕ್‌ನ ಸಿಂಜಾರ್ ಮೇಲೆ ಐಸಿಸ್ ದಾಳಿ ನಡೆಸಿ ಸಾವಿರಾರು ಮಹಿಳೆಯರನ್ನು ಗುಲಾಮರನ್ನಾಗಿ ಮಾಡಿತ್ತು. 2016ರ ಅಕ್ಟೋಬರ್‌ನಲ್ಲಿ ಕೆನಡಾದ ಸಂಸತ್ತು ಅವರಿಗೆ ಆಶ್ರಯ ಕೊಡಬೇಕೆಂದು ಒಮ್ಮತದಿಂದ ನಿರ್ಣಯಿಸಿತು. 1,200 ಸಂತ್ರಸ್ತರನ್ನು ಕರೆತರುವ ಗುರಿಯೊಡನೆ ಟೊರಾಂಟೊ, ಒಂಟಾರಿಯೊದ ಲಂಡನ್, ವಿನ್ನಿಪೆಗ್, ಕ್ಯಾಲ್ಗರಿ ನಗರಗಳಲ್ಲಿ ನೆಲೆ ಸಿದ್ಧಪಡಿಸಿದರು. ಆದರೆ ಕುಟುಂಬದವರನ್ನು ಕರೆಸಿಕೊಳ್ಳುವ ನಿಯಮ ಅವರಿಗೆ ಅಡ್ಡ ಬಂತು. ಬಿಟ್ಟುಬಂದ ಗಂಡ, ಮಕ್ಕಳನ್ನು ಸುಲಭವಾಗಿ ಕರೆಸಿಕೊಳ್ಳಲು ನಿರಾಶ್ರಿತರು ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಆ ಹೆಸರುಗಳನ್ನು ಹೊರಡುವ ಮೊದಲೇ ಬರೆಸಿರಬೇಕು. ಸೆರೆಯಲ್ಲಿರುವ ಮಗ ಬದುಕಿದ್ದಾನೋ ಇಲ್ಲವೋ ಎಂದೇ ತಿಳಿಯದ ತಾಯಿ ವರ್ಷದೊಳಗೆ ಏನು ಮಾಡಬಲ್ಲಳು? ಉಳಿದಿರುವ ಒಬ್ಬನೇ ಬಂಧು ಚಿಕ್ಕಪ್ಪನೋ ತಮ್ಮನೋ ಆಗಿದ್ದರೆ ಆ ನಿಯಮದಲ್ಲಿ ಅವನಿಗೆ ಜಾಗವೇ ಇಲ್ಲ. 2021ರಲ್ಲಿ ಸರ್ಕಾರ ವಿಶೇಷ ನೀತಿಯೊಂದನ್ನು ತಂದು, ಒಂದು ವರ್ಷದ ಗಡುವನ್ನು ಅವರಿಗೆ ಬಿಟ್ಟು, ದೂರದ ಬಂಧುಗಳಿಗೂ ದಾರಿ ಮಾಡಿಕೊಟ್ಟಿತು. ಯಜೀದಿಯರಿಗೆ ಸರಿಯೆನಿಸಿದ್ದು ಅಪಾಯದಲ್ಲಿರುವ ಇತರ ಮಹಿಳೆಯರಿಗೆ ಏಕೆ ಸರಿಯಾಗಬಾರದು?

ಕರ್ನಾಟಕದಲ್ಲಿ ಬೆಳೆದ ನನಗೆ ನಿರಾಶ್ರಿತರೆಂದರೆ ಮೊದಲು ಕಣ್ಣಮುಂದೆ ಬರುವುದು ಬೈಲುಕುಪ್ಪೆಯ ಜೋಳದ ಹೊಲಗಳು. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಜಮೀನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗೂ ನೆಲೆಗಳಾದವು. ನೆಲ ಕೊಟ್ಟು, ತಲೆಮಾರುಗಳ ಕಾಲ ಬಾಳಲು ಬಿಟ್ಟ ಆ ಔದಾರ್ಯವನ್ನು ನಾನು ಯಾವ ದೇಶದ ಎದುರಿಗಾದರೂ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದು ರಾಷ್ಟ್ರಮಟ್ಟದ ಕಾಯಿದೆಯೂ ಇಲ್ಲ. ಹಾಗಾಗಿ ಯಾವ ದೇಶದಿಂದ ಬಂದವರೆಂಬುದರ ಮೇಲೆ ಸೌಲಭ್ಯ ನಿರ್ಧಾರವಾಗುತ್ತದೆ, ಹೆಣ್ಣೆಂಬ ಕಾರಣಕ್ಕೆ ಅಪಾಯದಲ್ಲಿರುವವಳಿಗೆ ಪ್ರತ್ಯೇಕವಾದ ದಾರಿಯಿಲ್ಲ. ಕೆನಡಾದ ಮರುವರ್ಷವೇ, 1989ರಲ್ಲಿ, ಆಸ್ಟ್ರೇಲಿಯಾ ಅಂಥದೇ ಒಂದು ವೀಸಾ ವರ್ಗವನ್ನು ತೆರೆಯಿತು. ನಮ್ಮಲ್ಲೂ ಅಂಥದೊಂದು ಬರಬೇಕೆಂದು ಬಯಸುತ್ತೇನೆ.

ಅಂಕ ಕೊಡಬೇಕೆಂದರೆ, ಆಯ್ಕೆಯಾಗಿ ಬಂದ ಮಹಿಳೆಯರ ಪುನರ್ವಸತಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ: ವಿಮಾನದಿಂದ ಇಳಿದ ದಿನವೇ ಕಾಯಂ ನಿವಾಸದ ಹಕ್ಕು, ಎರಡು ವರ್ಷದ ಆಸರೆ, ಜೊತೆಗೆ ಮನುಷ್ಯರ ಸಂಗ. ಕಡಿತ ಮಾಡಿದ ಒಂದು ಅಂಕ ಬಾಡಿಗೆಗೂ ವಿಮಾನದ ಸಾಲಕ್ಕೂ. ತಾವಾಗಿ ಗಡಿಗೆ ಬಂದ ಮಹಿಳೆಯರ ರಕ್ಷಣೆಗೆ, ಮಾರ್ಗಸೂಚಿ ಎಷ್ಟೇ ಉತ್ತಮವಾಗಿದ್ದರೂ, ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ.

ಕೆನಡಾದಲ್ಲಿರುವ ಕನ್ನಡಿಗರು ಇಂಥ ಗುಂಪು ಸೇರಲು ಯೋಚಿಸುತ್ತಿದ್ದರೆ ನಮ್ಮ ಅನುಭವದಿಂದ ಕೆಲವು ಮಾತು. ಬರುವವರ ಭಾಷೆಯ ಮಹಿಳಾ ದುಭಾಷಿಯನ್ನು, ಸಾಧ್ಯವಾದರೆ ಬೇರೆ ಊರಿನವರನ್ನು, ಅವರು ಬರುವ ಮೊದಲೇ ಹುಡುಕಿಡಿ. ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಿರುವ ಇಂಗ್ಲಿಷ್ ತರಗತಿಯಲ್ಲಿ ಜಾಗಕ್ಕಾಗಿ ಮೊದಲ ವಾರವೇ ಹೆಸರು ಬರೆಸಿ. ಬಿಟ್ಟುಬಂದ ಮಕ್ಕಳೋ ಗಂಡನೋ ಇದ್ದಾರೆಯೇ ಎಂಬುದನ್ನು ಮಾತ್ರ, ಅವರಿಗೆ ನಿಮ್ಮ ಮೇಲೆ ವಿಶ್ವಾಸ ಬರುವವರೆಗೆ ಕಾಯದೆ, ಸರಿಯಾದ ದುಭಾಷಿಯ ಮೂಲಕ ಮೆಲ್ಲನೆ ಕೇಳಿ, ಬಂದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ಒಂದು ವರ್ಷದ ಗಡುವು ಯಾರಿಗಾಗಿಯೂ ಕಾಯುವುದಿಲ್ಲ, ಮತ್ತು ನಾವು ಅದನ್ನು ಹತ್ತನೆಯ ತಿಂಗಳಲ್ಲಿ ತಿಳಿದು, ಕೊನೆಯ ವಾರದಲ್ಲಿ ಅರ್ಜಿ ಕಳುಹಿಸಿದೆವು.